ನೆರಳಿಗೆ ಬ್ರೇಕ್ ಹಾಕಿದ ಕಾರು

2025ರ ನವೆಂಬರ್ 18, ಮಂಗಳವಾರ. ಬೆಳಿಗ್ಗೆ 11.35ಕ್ಕೆ ಅಂಕಲಗಿಯ ಗುತ್ತಿಗೆದಾರ ರಾವಸಾಹೇಬ ಹೊಳೆದಂಡೆ ಎಂಬಾತ ಠಾಣೆಗೆ ಬಂದು ದೂರು ಬರೆಸಿದ. ನಾನು ಎಲೆಕ್ಟ್ರಿಕ್ ಕಾರಿನಲ್ಲಿ ಗೋಕಾಕಕ್ಕೆ ಹೊರಟಿದ್ದೆ. 10.20ರ ಸುಮಾರಿಗೆ ನಾಯಿ ಅಡ್ಡ ಬಂತು, ಬ್ರೇಕ್ ಹಾಕಿದೆ. ಹಿಂದಿದ್ದ ಬೈಕಿನವ ಬಂದು ಗುದ್ದಿದ. ಬೈಕಿನ ಹಿಂದೆ ಕೂತ ಹೆಣ್ಣುಮಗಳು ಅಲ್ಲೇ ತೀರಿಕೊಂಡಳು.

ತೀರಿಕೊಂಡವಳು ಅರ್ಚನಾ, ಇಪ್ಪತ್ತೆಂಟು ವರ್ಷ. ಬೈಕ್ ಓಡಿಸುತ್ತಿದ್ದವನು ಅವಳ ಗಂಡ ಹನಮಂತ, ಹೊಲಗೂಲಿ. ಅವನ ಬಲಗಾಲು ಮುರಿದಿತ್ತು. ಮಗಳ ಆಧಾರ್ ಕಾರ್ಡಿನಲ್ಲಿ ತಪ್ಪಾಗಿದ್ದ ಹುಟ್ಟಿದ ದಿನ ತಿದ್ದಿಸಲು ಗಂಡ-ಹೆಂಡತಿ ಗೋಕಾಕಕ್ಕೆ ಹೊರಟಿದ್ದರು.

ಹಿಂದಿನಿಂದ ಗುದ್ದಿದವನದೇ ತಪ್ಪು. ಬರೆದೂ ಬರೆದೂ ಠಾಣೆಯ ಪೆನ್ನಿಗೇ ಬಾಯಿಪಾಠವಾದ ಮಾತು. ಎಫ್‌ಐಆರ್ ಆಯಿತು: ಬಿಎನ್‌ಎಸ್ ಕಲಂ 281 ಮತ್ತು 106(1), ಅಡ್ಡಾದಿಡ್ಡಿ ಚಾಲನೆ ಮತ್ತು ನಿರ್ಲಕ್ಷ್ಯದಿಂದ ಸಾವು. ಆರೋಪಿ ಹನಮಂತ. ಹೆಂಡತಿ ಶವಾಗಾರದಲ್ಲಿ, ಅವಳನ್ನು ಕೊಂದವನು ಅಂತ ಕಾಗದದ ಮೇಲೆ ಗಂಡ. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು.

ತನಿಖೆ ಪಿಎಸ್‌ಐ ವಿಜಯಶ್ರೀ ಅವರದು. 12.40ಕ್ಕೆ ಸ್ಥಳ ಪಂಚನಾಮೆ ಮಾಡಿದರು. ನೆಟ್ಟಗಿನ ರಸ್ತೆ, ಎಡಕ್ಕೆ ಒಂದು ದೊಡ್ಡ ಹುಣಸೆ ಮರ. ಕಾರಿನ ಹಿಂಬದಿ ಒಳಗೆ ಹೋಗಿತ್ತು. ಒಂದು ಚಪ್ಪಲಿ ಗಟಾರದಲ್ಲಿತ್ತು. ಕಾರನ್ನು ಠಾಣೆಯ ಅಂಗಳಕ್ಕೆ ಎಳೆದು ತಂದರು.

ಸಂಜೆ 5ಕ್ಕೆ ಆಸ್ಪತ್ರೆ. ವಾರ್ಡಿನ ಬಾಗಿಲಲ್ಲಿ ಅರ್ಚನಾಳ ತಾಯಿ ಶಂಕ್ರವ್ವ ನಿಂತಿದ್ದಳು. ಏಳು ವರ್ಷದ ಕಾಜಲ್‌ಳನ್ನು ಸೆರಗಿನೊಳಗೆ ಹಿಡಿದುಕೊಂಡಿದ್ದಳು.

"ಮೇಡಂ, ಬರಕೋರಿ. ನನ್ನ ಮಗಳ್ನ ಕೊಂದಾಂವನ ಕೈಯಾಗ ಈ ಕೂಸಿನ್ನ ಕೊಡೂದಿಲ್ಲ. ನಿಮ್ಮ ಕಾಗದದಾಗನ ಐತೆಲ್ಲಾ, ಅಂವಾ ಕೊಂದಾನಂತ?"

ವಿಜಯಶ್ರೀ ವಾರ್ಡಿನೊಳಗೆ ನಡೆದರು. ಆ ಕಾಗದದ ಕೆಳಗಿನ ಸಹಿ ಅವರದೇ.

ಹನಮಂತ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ಎಷ್ಟು ಸ್ಪೀಡ್ ಇತ್ತು?"

"ಐವತ್ತರ ಒಳಗ ಇತ್ರಿ. ಆಕಿ ಕುಂತ್ರ ನಾ ಜೋರ ಹೊಡ್ಯಾಂವಲ್ಲ."

"ನಾಯಿ ನೋಡಿದ್ಯಾ?"

"ಯಾವ ನಾಯಿನೂ ಇರ್ಲಿಲ್ರಿ. ಮರದ ನೆಳ್ಳ ಬಂತು, ಕಾರ್ ನಿಂತಬಿಡ್ತು. ಖಾಲಿ ರಸ್ತಾದಾಗ ಯಾರರ ಹಂಗ ನಿಲ್ಲಸ್ತಾರೇನ್ರಿ?" ಆಮೇಲೆ ತುಸು ತಡೆದು, "ಕಾಜಲ್ ಹೊರಗ ಅದಾಳೇನ್ರಿ? ಅಕಿಗೆ ಒಂದ ಮಾತ ಹೇಳ್ರಿ, ಅಪ್ಪ ಬೇಕಂತ ಮಾಡಿಲ್ಲಂತ."

19ರ ಬೆಳಿಗ್ಗೆ 9.30ಕ್ಕೆ ವಿಜಯಶ್ರೀ ಒಬ್ಬ ಫೋಟೋಗ್ರಾಫರ್‌ನನ್ನು ಕರೆದುಕೊಂಡು ಮತ್ತೆ ಅದೇ ಜಾಗಕ್ಕೆ ಹೊರಟರು. ಹೆಡ್ ಕಾನ್‌ಸ್ಟೇಬಲ್ ಮಾಲಿಂಗಪ್ಪ ನಕ್ಕ. ಅವನ ನಿವೃತ್ತಿಗೆ ಆರು ತಿಂಗಳಿತ್ತು.

"ನೆಳ್ಳಿಗೂ ಪಂಚನಾಮೆ ಮಾಡೂದೇನ್ರಿ ಮೇಡಂ? ಪಂಚರಾಗಿ ಕಾಗಿ ನಿಂದರಸ್ರಿ!"

10.20ಕ್ಕೆ ಹುಣಸೆಯ ನೆರಳು ಡಾಂಬರಿನ ಮೇಲೆ ಈ ಅಂಚಿನಿಂದ ಆ ಅಂಚಿನವರೆಗೆ ಗೋಡೆಯ ಹಾಗೆ ಕಪ್ಪಗೆ ಬಿದ್ದಿತ್ತು. ಬೈಕಿನ ಗಾಲಿ ಉಜ್ಜಿದ ಗುರುತು ಆ ನೆರಳಿಗಿಂತ ಎಂಟು ಮೀಟರ್ ಈಚೆಗೆ ಮುಗಿದಿತ್ತು. ಅಂದರೆ ಕಾರು ನಿಂತದ್ದು ನೆರಳಿನ ಎದುರಿಗೇ.

ಮಧ್ಯಾಹ್ನ ರಾವಸಾಹೇಬನನ್ನು ಕರೆಸಿದರು.

"ನಾಯಿ ಬಣ್ಣ ಯಾವುದ್ರಿ?"

"ಕರೇದು... ಅಲ್ಲ, ಕೆಂಚಂದು."

"ಎಡಕ್ಕಿಂದ ಬಂತೋ ಬಲಕ್ಕಿಂದ ಬಂತೋ?"

ರಾವಸಾಹೇಬ ಬೆವರು ಒರೆಸಿಕೊಂಡ. ವಿಜಯಶ್ರೀ ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಸಿಕ್ಕ ಸರ್ವಿಸ್ ಚೀಟಿಯನ್ನು ಮೇಜಿನ ಮೇಲಿಟ್ಟರು. ನವೆಂಬರ್ 3ಕ್ಕೆ ಮುಂದಿನ ಗಾಜು ಬದಲಿ. 10ಕ್ಕೆ 'ತಾನಾಗಿಯೇ ಬ್ರೇಕ್ ಹಾಕುತ್ತದೆ' ಎಂದು ದೂರು, ಬಾಜೂಕ್ಕೆ 'ಓಕೆ'. 14ಕ್ಕೆ ಅದೇ ದೂರು, ಅದೇ 'ಓಕೆ'.

"ನಾಯಿ ಇರ್ಲಿಲ್ರಿ," ಅಂದ ರಾವಸಾಹೇಬ. "ಗಾಡಿ ತಾನ ನಿಂತಿತು. ನಾ ಪೆಡಲ್ ಮುಟ್ಟಿಲ್ಲ. ಇಷ್ಟ ದೊಡ್ಡ ಗಾಡಿ ತಗೊಂಡು ನೆಳ್ಳಿಗೆ ಹೆದರತೈತಿ ಅಂದ್ರ ಮಂದಿ ನಗೂದಿಲ್ಲೇನ್ರಿ? ನಾಯಿ ಅಂದ್ರ ಯಾರೂ ಕೇಳೂದಿಲ್ಲ ಅನ್ಕೊಂಡೆ."

"ನೀವು ನಗ್ತಾರಂತ ಹೆದ್ರಿದ್ರಿ. ಅಂವಾ ಹೆಂಡ್ತಿ ಕೊಂದಾಂವ ಅನ್ನಿಸ್ಕೊಂಡಾನ."

ರಾವಸಾಹೇಬ ಮರುಹೇಳಿಕೆಗೆ ಸಹಿ ಹಾಕಿದ, ಸಮಯ 3.50.

20ಕ್ಕೆ ಬೆಳಗಾವಿಯಿಂದ ಕಾರು ಕಂಪನಿಯ ಇಂಜಿನಿಯರ್ ಸುಮನ್ ಬಂದ. ಗಾಜಿನ ಹಿಂದೆ, ಕನ್ನಡಿಯ ಬುಡದಲ್ಲಿರುವ ಕ್ಯಾಮೆರಾ ತೋರಿಸಿದ. ಮುಂದೆ ಏನಾದರೂ ಅಡ್ಡ ಇದ್ದರೆ ಚಾಲಕನಿಗಿಂತ ಮೊದಲು ಅದು ಬ್ರೇಕ್ ಹಾಕಿಸುತ್ತದೆ. ಗಾಜು ಬದಲಿಸಿದರೆ ಅದಕ್ಕೆ ಮತ್ತೆ ನೋಡುವುದನ್ನು ಕಲಿಸಬೇಕು: ಎದುರಿಗೆ ಕಪ್ಪು-ಬಿಳಿ ಚೌಕದ ಹಲಗೆಯನ್ನು ಸರಿಯಾದ ದೂರಕ್ಕೆ ನಿಲ್ಲಿಸಿ. ಹಲಗೆ ತಪ್ಪು ಜಾಗದಲ್ಲಿದ್ದರೆ ಕ್ಯಾಮೆರಾ ತಪ್ಪನ್ನೇ ಕಲಿಯುತ್ತದೆ. ನೆರಳನ್ನೂ ನಿಂತ ಗಾಡಿ ಅಂದುಕೊಳ್ಳಬಹುದು.

ಸುಮನ್ ದೋಷ ಓದುವ ತನ್ನ ಯಂತ್ರವನ್ನು ಸ್ಟೇರಿಂಗಿನ ಕೆಳಗೆ ಚುಚ್ಚಿದ. ಹುಬ್ಬು ಗಂಟಿಕ್ಕಿತು.

"ದೋಷದ ಪಟ್ಟಿ ಖಾಲಿ ಐತಿ ಮೇಡಂ. ನಿನ್ನೆ 11.42ಕ್ಕ ಅಳಿಸ್ಯಾರ."

ನಿನ್ನೆ 11.42ಕ್ಕೆ ಕಾರು ಇದೇ ಅಂಗಳದಲ್ಲಿತ್ತು. ವಿಜಯಶ್ರೀ ನೆರಳು ಅಳೆದು ಇನ್ನೂ ದಾರಿಯಲ್ಲಿದ್ದರು. ಎಲ್ಲರ ಕಣ್ಣೂ ಮಾಲಿಂಗಪ್ಪನ ಕಡೆ ಹೋದವು.

"ಸರ್ವಿಸ್ ಸೆಂಟರ್ ಹುಡುಗ ಬಂದಿದ್ದ," ಅಂದ ಮಾಲಿಂಗಪ್ಪ. ಅವನ ದನಿ ಸಣ್ಣದಾಗಿತ್ತು. "ಗುದ್ದಿದ ಗಾಡಿ ಬ್ಯಾಟರಿ ಬೆಂಕಿ ಹತ್ತತೈತಿ, ಠಾಣೆ ಸುಟ್ಟೀತು, ಬಂದ್ ಮಾಡಿ ಹೋಗ್ತೇನಿ ಕಾಕಾ ಅಂದ. ನಾನ ಗೇಟ್ ತಗದೆ. ಚಹಾನೂ ಕುಡಿಸ್ದೆ." ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಬರೀರಿ ಮೇಡಂ. ನನ್ನ ಹೆಸರೂ ಬರೀರಿ."

ವಿಜಯಶ್ರೀ ಬರೆದರು.

ಆದರೆ ಅಳಿಸಿದವನಿಗೆ ಒಂದು ಗೊತ್ತಿರಲಿಲ್ಲ. ಅಪಘಾತದ ಕೊನೆಯ ಐದು ಸೆಕೆಂಡಿನ ದಾಖಲೆ ಸೀಟಿನ ಕೆಳಗಿನ ಬೇರೆ ಪೆಟ್ಟಿಗೆಯಲ್ಲಿರುತ್ತದೆ, ದೋಷ ಅಳಿಸುವ ಯಂತ್ರಕ್ಕೆ ಅದು ಸಿಗುವುದಿಲ್ಲ. ಸುಮನ್ ಅದನ್ನು ಪಂಚರ ಎದುರು ತೆಗೆದು ಓದಿದ: ವೇಗ 54. ಚಾಲಕ ಬ್ರೇಕ್ ಒತ್ತಿಲ್ಲ. ಬ್ರೇಕ್ ಹಾಕಿದ್ದು ಗಾಡಿ.

ಸುಮನ್ ಕಂಪನಿಯ ದಾಖಲೆ ಹುಡುಕಿದ: ಅದೇ ಸೆಂಟರಿನಲ್ಲಿ ಇತ್ತೀಚೆಗೆ ಗಾಜು ಹಾಕಿಸಿದ ಇನ್ನೊಂದು ಕಾರು ಮೂಡಲಗಿಯಲ್ಲಿತ್ತು, ಕಾಲೇಜಿನಲ್ಲಿ ಕಲಿಸುವ ಅನುರಾಧಾ ಅವರದು.

"ಸೆಪ್ಟೆಂಬರ್‌ದಾಗೂ ಒಮ್ಮೆ ಗಾಜ ಹಾಕಿಸಿದ್ದೆ, ಏನೂ ತ್ರಾಸ ಆಗಿರ್ಲಿಲ್ಲ," ಅಂದರು ಅನುರಾಧಾ. "ದಸರಾ ಆದಮ್ಯಾಲೆ ಮತ್ತ ಕಲ್ಲ ಬಿತ್ತು, ಮತ್ತ ಹಾಕಿಸಿದೆ. ಆವಾಗಿಂದ ನೆಳ್ಳ ಕಂಡಲ್ಲಿ ನಿಲ್ತೈತಿ. ಹಿಂದಿನವ್ರು ಬಯ್ತಾರ. ಸೆಂಟರಿನ ಆ ಹುಡುಗ ಪ್ರತಿ ಸಲ ಕೆಂಪು ದೀಪ ಆರ್ಸಿ ಕಳಸ್ತಾನ. ಭಾಳ ಮರ್ಯಾದಿ ಹುಡುಗ."

ಹಾಗಾದರೆ ದಸರಾದಲ್ಲಿ ಏನೋ ಬದಲಾಗಿದೆ.

21, ಶುಕ್ರವಾರ, ಬೆಳಿಗ್ಗೆ 11. ಹುಕ್ಕೇರಿ ತಾಲೂಕು, ಕಣಗಲಾ ಹತ್ತಿರ ಹೆದ್ದಾರಿ ಬದಿಯ ಸರ್ವಿಸ್ ಸೆಂಟರ್. ಶೆಡ್ಡಿನ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು, ಹೊಸ ಹಸಿರು ಬಣ್ಣ. ಚೌಕದ ಹಲಗೆಯ ಕಾಲಿಗೆ ಒಣಗಿದ ಚೆಂಡು ಹೂವಿನ ಮಾಲೆ ಇನ್ನೂ ಇತ್ತು.

"ನೆಲಕ್ಕ ಯಾವಾಗ ಬಣ್ಣ ಹಚ್ಚಿದ್ರಿ?"

"ದಸರಾದ ಖಂಡೇಪೂಜಿಗೆ," ಅಂದ ಮ್ಯಾನೇಜರ್ ಭೀಮೇಶ. "ಎಲ್ಲಾ ಸಾಮಾನ ಹೊರಗಿಟ್ಟು, ತೊಳದು, ಪೂಜಿ ಮಾಡಿದ್ವಿ. ಶುಭಮ್ ಒಬ್ಬಾಂವನ ಎರಡು ದಿನ ಕುಂತು ನೆಲ ಬಳದಾನ. ನೋಡ್ರಿ ಹೆಂಗ ಹೊಳಿತೈತಿ!"

ಸುಮನ್ ಮೊಣಕಾಲೂರಿ ನೆಲ ಸವರಿದ. "ಇಲ್ಲಿ ಹಳದಿ ಗೆರಿ ಇದ್ವು. ಗಾಲಿ ಎಲ್ಲಿ ನಿಲ್ಲಬೇಕು, ಹಲಗಿ ಎಲ್ಲಿ ನಿಲ್ಲಬೇಕು ಅಂತ ನಾವ ಹೊಡದಿದ್ವಿ. ಎಲ್ಲಿ ಅದಾವು?"

ಗೆರೆಗಳು ಹಸಿರು ಬಣ್ಣದ ಕೆಳಗಿದ್ದವು. ಈಗ ಹಲಗೆ ನಿಲ್ಲಿಸುವ ಜಾಗವನ್ನು ಟೇಪು ಹಿಡಿದು ಅಳೆದರು. 84 ಸೆಂಟಿಮೀಟರ್ ತಪ್ಪಿತ್ತು.

ಶುಭಮ್‌ಗೆ ಇಪ್ಪತ್ತಾರು ವರ್ಷ. ಕೈ ಒರೆಸಿಕೊಂಡು ತಾನೇ ಮುಂದೆ ಬಂದ.

"ಮೊನ್ನೆ ಠಾಣೆಗೆ ಬಂದಿದ್ಯಾ?"

"ಬಂದಿದ್ನಿ ಮೇಡಂ. ಸುದ್ದಿ ಕೇಳಿ ಅಂಜಿ ಅಳಿಸಿದ್ದು ನಾನ."

"ಹಲಗಿ ಎಲ್ಲಿಂದ ಅಳದಿ?"

"ಬಂಪರ್‌ದಿಂದ್ರಿ. ಗೆರಿ ಅಳಸಿದ್ದು ಪೂಜಿ ಆದ ಮ್ಯಾಲೆ ನೆಪ್ಪಾತು. ಬುಕ್ಕ ತಗದೆ. ಇಂಗ್ಲಿಷ್ ಐತ್ರಿ ಅದು. ನಂಬರ್ ತಿಳಿತು, ಎಲ್ಲಿಂದ ಅನ್ನೂದು ತಿಳಿಲಿಲ್ಲ. ಮೊದಲ ಫೇಲ್ ಅಂತು. ತುಸು ಅತ್ತಿತ್ತ ಮಾಡಿದೆ, ಪಾಸ್ ಅಂತು."

"ತಪ್ಪಾಗೈತಂತ ಯಾವಾಗ ಗೊತ್ತಾತು?"

"ಎರಡನೇ ಗಾಡಿ ವಾಪಸ್ ಬಂದಾಗ."

"ಯಾರನ್ನರ ಕೇಳಬೇಕಿತ್ತಲ್ಲ?"

ಶುಭಮ್ ಭೀಮೇಶನ ಕಡೆ ನೋಡಿದ, ಮತ್ತೆ ನೆಲ ನೋಡಿದ. ತಾನೇ ಬಳಿದ ನೆಲ.

"ಎಂಟನೇತ್ತಕ್ಕ ಸಾಲಿ ಬಿಟ್ಟಾಂವ್ರಿ. ಡಿಪ್ಲೊಮಾ ಆಗೈತಂತ ಸುಳ್ಳ ಹೇಳಿ ಸೇರೇನಿ. ಇಲ್ಲಿಗೆ ಬಂದವ್ರು ಇಂಜಿನಿಯರ್ ಸಾಹೇಬ್ರ ಅಂತಾರ. ನಮ್ಮ ಅವ್ವಗೂ ಹಂಗ ಅಂತಾರ, ಇಂಜಿನಿಯರ್ ತಾಯಿ ಅಂತ. ಈ ಒಂದು ಪುಟ ಓದಿ ಹೇಳ್ರಿ ಅಂತ ಕೇಳಿದ್ದೆ ಅಂದ್ರ ಎಲ್ಲಾ ಹೋಗ್ತಿತ್ತು."

"ಟ್ರೇನಿಂಗ್ ಕೊಟ್ಟೇವ್ರಿ," ಅಂತ ಭೀಮೇಶ ನಡುವೆ ಬಾಯಿ ಹಾಕಿದ. "ಒಂದ ದಿನ, ಫೋನಿನ್ಯಾಗ. ಸಹಿ ಐತಿ."

"ಯಾವ ಭಾಷಾದಾಗ ಕೊಟ್ರಿ?"

ಭೀಮೇಶ ಸಹಿಯ ಪತ್ರ ತಂದಿಟ್ಟ, ಅದೂ ಇಂಗ್ಲಿಷಿನಲ್ಲೇ ಇತ್ತು. ತರಬೇತಿ ಪತ್ರವನ್ನೂ ಜಪ್ತಿ ಮಾಡಿದರು. ದೂರು ಬಂದ ಗಾಡಿಗಳನ್ನು ಮೇಲಿನವರಿಗೆ ತಿಳಿಸದೆ 'ಓಕೆ' ಬರೆಸಿದ್ದಕ್ಕೆ ಅವನು ಎರಡನೇ ಆರೋಪಿ.

ಮಧ್ಯಾಹ್ನ 1.10ಕ್ಕೆ ಶುಭಮ್‌ನ ಬಂಧನ. ಕಲಂ 106(1), ಜೊತೆಗೆ ಸಾಕ್ಷ್ಯನಾಶದ ಕಲಂ 238. ಜೀಪು ಹತ್ತುವ ಮೊದಲು ಅವನು ನಿಂತ.

"ಮೇಡಂ, ಆ ಪುಟ ಒಂದ್ಸಲ ಓದಿ ಹೇಳ್ರಿ."

ವಿಜಯಶ್ರೀ ಜಪ್ತಿ ಮಾಡಿದ ಪುಸ್ತಕ ತೆರೆದು, ಬೆರಳಿಟ್ಟು ನಿಧಾನಕ್ಕೆ ಕನ್ನಡದಲ್ಲಿ ಹೇಳಿದರು. "ದೂರವನ್ನು ಮುಂದಿನ ಗಾಲಿಯ ನಡುವಿನಿಂದ ಅಳೆಯಬೇಕು."

"ಇಷ್ಟ ಏನ್ರಿ?"

"ಇಷ್ಟ."

ಶುಭಮ್ ಅಲ್ಲೇ ಕೂತುಬಿಟ್ಟ. ಅವನನ್ನು ಎಬ್ಬಿಸಲು, ಜೊತೆಗೆ ಬಂದಿದ್ದ ಮಾಲಿಂಗಪ್ಪ ರಟ್ಟೆ ಹಿಡಿದ, ಗಟ್ಟಿಯಾಗಿ ಹಿಡಿಯಲು ಆಗಲಿಲ್ಲ.

24ಕ್ಕೆ ಹನಮಂತನ ಹೆಸರನ್ನು ಆರೋಪಿ ಪಟ್ಟಿಯಿಂದ ಕೈಬಿಡುವ ವರದಿ ನ್ಯಾಯಾಲಯಕ್ಕೆ ಹೋಯಿತು. ಅದರ ಒಂದು ಪ್ರತಿಯನ್ನು ವಿಜಯಶ್ರೀ ತಾವೇ ಆಸ್ಪತ್ರೆಗೆ ಒಯ್ದು ಶಂಕ್ರವ್ವನ ಮುಂದೆ ಓದಿದರು. ಶಂಕ್ರವ್ವ ಪೂರ್ತಿ ಕೇಳಿದಳು. ಕಾಜಲ್‌ಳ ಸಾಲಿ ಚೀಲ ತಂದು ಅಳಿಯನ ಮಂಚದ ಕೆಳಗೆ ಇಟ್ಟಳು. ಕೂಸು ತಾನಾಗೇ ಮಂಚ ಹತ್ತಿತು.

"ಆ ಹುಡುಗಗ ಯಾರೂ ಓದಿ ಹೇಳ್ಲಿಲ್ಲೇನ್ರಿ?" ಅಂತ ಹನಮಂತ ಕೇಳಿದ. ಸಿಟ್ಟಿನಿಂದ ಕೇಳಿದನೋ, ಮತ್ತೆ ಯಾವುದರಿಂದಲೋ, ವಿಜಯಶ್ರೀಗೆ ತಿಳಿಯಲಿಲ್ಲ.

ದೋಷಾರೋಪಣ ಪಟ್ಟಿಗೆ ಲಗತ್ತಿಸಲು ಠಾಣೆಯವರು ಆ ಪುಟವನ್ನು ಕನ್ನಡ ಮಾಡಿಸಿದರು. ಅರ್ಧ ಹಾಳೆ ಆಯಿತು. ಆ ಪುಟಕ್ಕೆ ಇರುವುದು ಅದೊಂದೇ ಕನ್ನಡ ಪ್ರತಿ. ಅದು ಈಗ ಗೋಕಾಕ ಕೋರ್ಟಿನ ಕಪಾಟಿನಲ್ಲಿದೆ.