ಎರಡು ಗೀರಿನ ತೋಟಾ

1984ರ ಅಕ್ಟೋಬರ್ 18, ಗುರುವಾರ. ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಡಾಟಿ ಪ್ರುಯಿಟ್ ಮಾಂಟಾನಾದ ಆಲ್ಡರ್ ಫೋರ್ಕ್ ಕೌಂಟಿಯ ಶೆರಿಫ್ ಠಾಣೆಗೆ ಬಂದು ಕಾಗದದ ಚೀಲವೊಂದನ್ನು ಮೇಜಿನ ಮೇಲೆ ಕುಕ್ಕಿದಳು. ಅವಳ ಕೋಟಿನ ತೋಳಿಗೆ ಗಂಡನ ರಕ್ತ ಹತ್ತಿ ಒಣಗಿತ್ತು.

"ಐವರ್ ತೋರ್‌ಸ್ಟಾಡ್ ಮೇಲೆ ದೂರು ಬರ್ಕೊಳ್ಳಿ."

ಶೆರಿಫ್ ಹಾರ್ಲನ್ ಬ್ರೆಕ್ ಎತ್ತಿದ ಪೆನ್ನನ್ನು ಹಾಗೇ ಹಿಡಿದ. "ಐವರ್ ಮೇಲಾ? ಏನಂತ?"

"ಅವನು ತುಂಬಿ ಕೊಟ್ಟ ತೋಟಾ ಗ್ಲೆನ್ ಮುಖದ ಮೇಲೇ ಸಿಡೀತು ಅಂತ. ಬಲಗಣ್ಣು ಉಳಿಯತ್ತೋ ಇಲ್ವೋ ಶನಿವಾರದವರೆಗೆ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು."

ಘಟನೆ ಇಷ್ಟು. ಭಾನುವಾರ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಮೊದಲ ದಿನ. ಕೋವಿಯ ಗುರಿ ಸರಿಮಾಡಿಕೊಳ್ಳಲು ಗ್ಲೆನ್ ಮಧ್ಯಾಹ್ನ ಜಲ್ಲಿ ಗುಂಡಿಗೆ ಹೋಗಿದ್ದ. ಎರಡು ಗುಂಡು ಸರಿಯಾಗಿ ಹಾರಿದವು. ಮೂರನೆಯದಕ್ಕೆ ಕೋವಿಯ ಹಿಂಭಾಗವೇ ಒಡೆದು ಹಿತ್ತಾಳೆಯ ಚೂರು ಕಣ್ಣಿಗೆ ಹೊಕ್ಕಿತು.

ಚೀಲದಲ್ಲಿ ತೋಟಾಗಳ ಪೆಟ್ಟಿಗೆಯಿತ್ತು. ಮುಚ್ಚಳದ ಮೇಲೆ ಪೆನ್ಸಿಲಿನ ಮುದ್ದಾದ ಅಕ್ಷರದಲ್ಲಿ ತೋಟಾದ ಅಳತೆ, ವಿವರ: 'ತರ್ಟಿ-ಆಟ್-ಸಿಕ್ಸ್. ಗ್ಲೆನ್‌ನ ಕೋವಿಗೆ. ಮೂರನೇ ಸಲ ತುಂಬಿದ್ದು. ಐ.ಟಿ.' ಆ ಅಕ್ಷರ ಬ್ರೆಕ್‌ಗೆ ಚೆನ್ನಾಗಿ ಗೊತ್ತು. ಹೊಡೆದ ತೋಟಾದ ಖಾಲಿ ಹಿತ್ತಾಳೆ ಚಿಪ್ಪಿಗೇ ಮತ್ತೆ ಮದ್ದು, ಗುಂಡು ತುಂಬಿ ಕೊಡುವುದು ಐವರ್ ಕಸುಬು. ಅಂಥದೇ ಪೆಟ್ಟಿಗೆ ಅವನ ಜೀಪಿನಲ್ಲೂ ಇತ್ತು. ಈ ಕೌಂಟಿಯಲ್ಲಿ ನಲವತ್ತು ಮನೆಗಳವರು ಭಾನುವಾರ ಐವರ್ ಕೊಟ್ಟ ತೋಟಾವನ್ನೇ ನಂಬಿ ಬೆಟ್ಟ ಹತ್ತುವವರು.

"ಪೆಟ್ಟಿಗೆ ಕೈಗೆ ಕೊಟ್ಟಿದ್ದು ಯಾರು?"

"ಲಾಯ್ಡ್ ಕೆಸ್ಲರ್. ಮಂಗಳವಾರ ಶಾಲೆ ಬಸ್ ಓಡಿಸ್ಕೊಂಡು ಹೋಗ್ತಾ ಮನೆ ಹತ್ರ ಕೊಟ್ಟೋದ."

ದೂರು ದಾಖಲಾಯಿತು. 5.30ಕ್ಕೆ ಬ್ರೆಕ್ ಮತ್ತು ಡೆಪ್ಯುಟಿ ನೋರೀನ್ ಸ್ಟಾಲ್ ಜಲ್ಲಿ ಗುಂಡಿಯಲ್ಲಿ ಮಹಜರು ನಡೆಸಿದರು. ಒಡೆದ ಕೋವಿ, ಎರಡು ಖಾಲಿ ಚಿಪ್ಪು, ಮೂರನೆಯದರ ಹರಿದ ಬುಡ ಸಿಕ್ಕವು. ಠಾಣೆಗೆ ಬಂದವನೇ ಬ್ರೆಕ್ ತನ್ನ ಜೀಪಿನ ಪೆಟ್ಟಿಗೆಯನ್ನೂ ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಕೌಂಟಿಯ ವಕೀಲ ಫೋನು ಮಾಡಿದ. "ಎಪ್ಪತ್ತೊಂಬತ್ತು ವರ್ಷದ ಮುದುಕ, ಕಣ್ಣಿನ ಪೊರೆ ತೆಗೆಸ್ಕೊಂಡಿದಾನೆ. ಇನ್ನೇನ್ರೀ ತನಿಖೆ? ನಲವತ್ತು ಪೆಟ್ಟಿಗೆ ವಾಪಸ್ ತರಿಸಿ, ಅವನ ಮೇಲೆ ಕೇಸ್ ಹಾಕಿ."

"ಸಂಜೆವರೆಗೆ ಟೈಮ್ ಕೊಡಿ," ಎಂದ ಬ್ರೆಕ್.

8.50ಕ್ಕೆ ಬ್ರೆಕ್ ಮತ್ತು ನೋರೀನ್ ಮನೆಗೆ ಹೋದಾಗ ಐವರ್ ಅಡುಗೆಮನೆಯಲ್ಲಿ ಕೂತಿದ್ದರು. ಸುದ್ದಿ ಆಗಲೇ ಮುಟ್ಟಿತ್ತು. ಮುಂದೆ ಆರಿಹೋದ ಕಾಫಿ, ಪಕ್ಕದಲ್ಲಿ ತೋಟಾ ತುಂಬುವ ಕೊಟ್ಟಿಗೆಯ ಬೀಗದ ಕೈ.

"ತಗೋ ಹಾರ್ಲನ್," ಎಂದು ಕೀಲಿಯನ್ನು ಮುಂದೆ ತಳ್ಳಿದರು. "ಐವತ್ತೆರಡು ವರ್ಷ ಆಯ್ತು. ಒಬ್ರಿಗೂ ಒಂದು ಗಾಯ ಆಗಿರ್ಲಿಲ್ಲ. ಕೈ ತಪ್ಪಿದ್ ಮೇಲೆ ಮುಗೀತು. ಇನ್ನು ಮುಟ್ಟಲ್ಲ."

"ತಪ್ಪಿದೆ ಅಂತ ಯಾರು ಹೇಳಿದ್ರು?"

"ಗ್ಲೆನ್ ಕಣ್ಣು ಹೇಳ್ತಿದೆಯಲ್ಲಪ್ಪ."

ನೋರೀನ್ ಆ ಊರಿಗೆ ಹೊಸಬಳು, ಬೇಟೆಯ ಗಂಧವಿಲ್ಲದವಳು. ಅವಳು ಕೇಳಿದಳು, "ನೀವು ಹೇಗೆ ತುಂಬ್ತೀರಿ ಅಂತ ನಮಗೊಂದ್ಸಲ ತೋರಿಸಿ. ಮೊದಲಿಂದ."

ಕೊಟ್ಟಿಗೆಯ ಬಾಗಿಲಲ್ಲೇ ಅವಳು ಬೂಟಿನ ಕೆಸರು ಒರೆಸಿಕೊಂಡಳು. ಅಬ್ಬಾ, ಆಪರೇಷನ್ ಕೋಣೆ ಕೂಡ ಅಷ್ಟು ಚೊಕ್ಕಟವಿರುವುದು ಅನುಮಾನ! ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ. ಮಿಕ್ಕವು ಕೈಗೆಟುಕದಂತೆ ಎದುರುಗೋಡೆಯ ಕಪಾಟಿನಲ್ಲಿ. ಯಾರೊಡನೆಯಾದರೂ ಜಗಳವಾಡಿದ ದಿನ ಐವರ್ ಮದ್ದು ಮುಟ್ಟುವವರಲ್ಲ. ಕೆಲಸಕ್ಕೆ ಕೂತರೆ ಫೋನನ್ನು ಎತ್ತಿ ಪಕ್ಕಕ್ಕಿಡುವರು. ಮದ್ದು ಹಾಕಿದ ಪ್ರತಿ ಚಿಪ್ಪಿನೊಳಗೂ ದೀಪ ಹಿಡಿದು ಇಣುಕದೆ ಗುಂಡು ಕೂರಿಸುವವರಲ್ಲ.

"ಪ್ರತಿ ಕೋವಿಗೂ ಬೇರೆ ಬೇರೆ ಅಳತೆ," ಎಂದರು ಐವರ್. ಹೇಳುತ್ತ ಹೇಳುತ್ತ ಅವರ ದನಿಗೆ ಕಳೆ ಬಂತು. "ಪುಸ್ತಕದಲ್ಲಿರೋ ಅತಿ ಕಮ್ಮಿ ಅಳತೆಯಿಂದ ಶುರು. ಚೂರು ಏರಿಸೋದು, ಹೊಡೆಯೋದು, ನೋಡೋದು. ಬುಡದಲ್ಲಿ ಕಿಡಿ ಹೊತ್ತಿಸೋ ಕೇಪು ಚಪ್ಪಟೆ ಆಯ್ತಾ? ಚಿಪ್ಪಿನ ಬುಡ ಹೊಳೀತಾ? ಖಾಲಿ ಚಿಪ್ಪು ತೆಗೆಯೋಕೆ ಬೋಲ್ಟ್ ಎತ್ತೋವಾಗ ಬಿಗಿ ಅನ್ನಿಸ್ತಾ? ಒಂದು ಗುರುತು ಕಂಡ್ರೂ ಅಲ್ಲಿಗೆ ನಿಲ್ಲಿಸಿ ಕೆಳಗಿಳೀಬೇಕು. ಕೋವಿ ಮೊದಲೇ ಹೇಳತ್ತಮ್ಮ, ಬೇಡ ಕಣೋ ಅಂತ. ಕೇಳಿಸ್ಕೋಬೇಕು ಅಷ್ಟೆ. ಆಮೇಲೆ ಮೂರು ಬೇರೆ ಬೇರೆ ದಿನ ಹೊಡೆದು ನೋಡಿ, ಮೂರು ದಿನಾನೂ ಸರಿ ಇದ್ರೆ ಮಾತ್ರ ಚೆನ್ನಾಗಿದೆ ಅನ್ನೋದು."

"ಕೊನೆಗೆ?"

"ಕೊನೆಗೇನು, ಮಾರನೇ ಬೆಳಿಗ್ಗೆ ಒಬ್ಬನೇ ಕೂತು ಮತ್ತೆ ಎಲ್ಲ ಎಣಿಸ್ತೀನಿ. ಒಂದೊಂದ್ರ ಬುಡದ ಅಂಚಿಗೂ ಅರದಲ್ಲಿ ಸಣ್ಣ ಗೀರು ಹಾಕ್ತೀನಿ. ಎಷ್ಟು ಸಲ ತುಂಬಿದ್ನೋ ಅಷ್ಟು ಗೀರು. ಚಿಪ್ಪಿಗೂ ವಯಸ್ಸಾಗತ್ತಲ್ಲ, ಲೆಕ್ಕ ಇರ್ಬೇಕು."

ಬ್ರೆಕ್ ತಟ್ಟನೆ ತಿರುಗಿದ. "ಗೀರಾ? ಇಪ್ಪತ್ತು ವರ್ಷದಿಂದ ನಿಮ್ಮ ತೋಟಾ ಹೊಡೀತಿದೀನಿ, ನಾನು ನೋಡೇ ಇಲ್ವಲ್ಲ!"

"ನೀನು ಎಲ್ಕ್ ನೋಡ್ತಿರ್ತೀಯ. ಗೀರು ನನಗೆ, ನಿನಗಲ್ಲ. ಯಾರಿಗೂ ಹೇಳಿಲ್ಲ."

ನೋರೀನ್ ಜೊತೆಗೆ ತಂದಿದ್ದ ಸಾಕ್ಷಿಯ ಪೆಟ್ಟಿಗೆ ತೆರೆದು ಭೂತಗನ್ನಡಿ ಹಿಡಿದಳು. ಗ್ಲೆನ್ ಹೊಡೆದ ಮೊದಲ ಎರಡು ಚಿಪ್ಪುಗಳಲ್ಲಿ ಮೂರು ಗೀರು. ಉಳಿದ ಹದಿನೇಳರಲ್ಲಿ ಹದಿನೈದಕ್ಕೆ ಮೂರು ಗೀರು, ಎರಡಕ್ಕೆ ಎರಡೇ. ಕೊನೆಗೆ ಹರಿದ ಬುಡವನ್ನು ದೀಪದ ಕೆಳಗೆ ತಿರುಗಿಸಿದಳು.

"ಎರಡು," ಎಂದಳು. "ಸಾರ್, ಎರಡೇ ಇದೆ."

ಐವರ್ ಕನ್ನಡಕ ಒರೆಸಿ, ಹಾಕಿಕೊಂಡು, ಮತ್ತೆ ನೋಡಿದರು. "ಚಿಪ್ಪು ನಂದೇ. ಎರಡು ಸಲ ತುಂಬಿದ್ದೂ ನಾನೇ. ಹೋದ್ವರ್ಷ ಗ್ಲೆನ್ ಜಲ್ಲಿ ಗುಂಡೀಲಿ ಹೊಡೆದು ಮೂರು ಚಿಪ್ಪು ಹುಲ್ಲಲ್ಲಿ ಕಳ್ಕೊಂಡಿದ್ದ. ಮೂರನೇ ಸಲ ತುಂಬಿದ್ದು ನಾನಲ್ಲ." ಆಮೇಲೆ ಕುರ್ಚಿಯ ಮೇಲೆ ಕುಸಿದು ಕೂತರು. "ನಾನಲ್ಲ ಹಾರ್ಲನ್." ಎಪ್ಪತ್ತೊಂಬತ್ತರ ಆ ಮನುಷ್ಯ ಅತ್ತೇಬಿಟ್ಟರು.

10.15ಕ್ಕೆ ಎರಡು ಗೀರಿನ ಎರಡು ತೋಟಾಗಳನ್ನು ಪಂಚರ ಮುಂದೆ ಬಿಚ್ಚಲಾಯಿತು. ಐವರ್ ಗುಂಡನ್ನೂ ಮದ್ದನ್ನೂ ತಕ್ಕಡಿಗೆ ಹಾಕಿದರು. ಗುಂಡು ಅವರು ಬಳಸುವುದಕ್ಕಿಂತ ಭಾರದ್ದು. ಮದ್ದಿನ ತೂಕ ನೋಡಿ ಅವರ ಹುಬ್ಬು ಗಂಟಿಕ್ಕಿತು.

"ಇದು ನನ್ನ ಅಂಕಿ. ನನ್ನ ಸ್ವಂತ ಕೋವಿಗೆ, ಹಗುರದ ಗುಂಡಿಗೆ ಅಂತ ಕಂಡ್ಕೊಂಡ ಅತಿ ಹೆಚ್ಚಿನ ಅಳತೆ. ಗುಂಡು ಭಾರ ಆದ್ರೆ ಮದ್ದು ಇಳಿಸ್ಬೇಕು. ಇದನ್ನ ಹಾಗೇ ಸುರಿದವನು ಕೆಳಗಿಂದ ಏರಿ ಬಂದೇ ಇಲ್ಲ."

"ಈ ಅಂಕಿ ಎಲ್ಲಿದೆ?"

ಐವರ್ ನೋಟುಪುಸ್ತಕದ ಒಂದು ಪುಟ ತೆರೆದು ತೋರಿಸಿದರು.

"ಈ ಪುಸ್ತಕ ನೋಡಿದವರು ಯಾರ್ಯಾರು?"

ಮುದುಕರು ಕಿಟಕಿಯ ಕಡೆ ತಿರುಗಿದರು. "ಲಾಯ್ಡ್ ಒಬ್ಬನೇ ಇಲ್ಲಿಗೆ ಬರೋದು. ಹನ್ನೊಂದು ವರ್ಷದಿಂದ ಕಲೀತಿದಾನೆ."

ಪುಸ್ತಕ ಜಪ್ತಿಯಾಯಿತು.

ಮಧ್ಯಾಹ್ನ 3.50. ಲಾಯ್ಡ್ ಕೆಸ್ಲರ್, ನಲವತ್ತಾರು ವರ್ಷ, ಖಾಲಿ ಬಸ್ಸನ್ನು ಶೆಡ್ಡಿಗೆ ತಂದು ನಿಲ್ಲಿಸಿದ. ಶೆರಿಫ್‌ನನ್ನು ಕಂಡು ಇಳಿಯಲಿಲ್ಲ; ಸ್ಟೀರಿಂಗ್ ಹಿಡಿದೇ ಕೂತ.

"ಗ್ಲೆನ್ ಕಣ್ಣು?" ಎಂದ.

"ನಾಳೆ ಗೊತ್ತಾಗತ್ತೆ. ಎಷ್ಟು ತೋಟಾ ಬದಲಾಯಿಸಿದೆ?"

"ಮೂರು. ಜಲ್ಲಿ ಗುಂಡಿ ಹುಲ್ಲಲ್ಲಿ ಸಿಕ್ಕಿದ ಹಳೇ ಚಿಪ್ಪಿಗೆ ನಾನೇ ತುಂಬಿದ್ದು."

"ಗ್ಲೆನ್ ಮೇಲೆ ಏನಾದ್ರೂ ಹಗೆ ಇತ್ತಾ?"

"ಅಯ್ಯೋ, ಇಲ್ಲ ಮಾರಾಯ! ಗ್ಲೆನ್ ನನ್ನ ಮದುವೇಲಿ ಪಕ್ಕದಲ್ಲಿ ನಿಂತಿದ್ದೋನು."

"ಮತ್ಯಾಕೆ?"

ಲಾಯ್ಡ್ ಬಸ್ಸಿನ ಕೀಲಿ ತಿರುಗಿಸಿ ಕೈಗೆ ತೆಗೆದುಕೊಂಡ. "ಹನ್ನೊಂದು ವರ್ಷ ಹಾರ್ಲನ್. ನಾನು ಏನು ತುಂಬಿ ತಂದ್ರೂ ಆ ಅಜ್ಜ ಕೈಲಿ ತಿರುಗಿಸಿ ನೋಡೋದು, ಇಟ್ಟು ಹೋಗು ಅನ್ನೋದು. ಚೆನ್ನಾಗಿದೆ ಅಂತ ಒಂದು ಮಾತಿಲ್ಲ. ಗ್ಲೆನ್ ಭಾನುವಾರ ಎಲ್ಕ್ ಹೊಡೆದು, ರಾತ್ರಿ ಬೇಟೆಗಾರರೆಲ್ಲ ಸೇರೋ ಊಟದ ಹೊತ್ತಲ್ಲಿ ಎಲ್ಲರ ಮುಂದೆ ಐವರ್ ತೋಟಾ ಅಂದ್ರೆ ಇದು ಅಂತ ಹೊಗಳ್ಲಿ, ಆಗ ಅದು ನಂದು ಅಂತ ಎದ್ದು ಹೇಳೋಣ ಅಂತಿದ್ದೆ. ಅಷ್ಟೇ ನನ್ನ ಆಸೆ."

"ಭಾರದ ಗುಂಡು ಯಾಕೆ?"

"ದೊಡ್ಡ ಎಲ್ಕ್‌ಗೆ ಒಳ್ಳೇದು ಅಂದ್ಕೊಂಡೆ. ಕೆಳಗಿಂದ ಏರಿಸ್ಕೊಂಡು ಬರೋಕೆ ದಿನ ಇರ್ಲಿಲ್ಲ. ಅಜ್ಜನ ಅಂಕಿ ಇತ್ತಲ್ಲ, ಅದು ತಪ್ಪಲ್ಲ ಅಂತ ಸುರಿದೆ."

ಅಜ್ಜನ ಅಂಕಿಯನ್ನು ಕದ್ದ, ಅಜ್ಜನ ತಾಳ್ಮೆಯನ್ನು ಬಿಟ್ಟ. ಈ ಕಸುಬಿನಲ್ಲಿ ಅಂಕಿಗೆ ಮೂರು ಕಾಸಿನ ಬೆಲೆಯಿಲ್ಲ, ಬೆಲೆಯೆಲ್ಲ ಅದರ ತನಕ ಏರಿ ಬಂದ ದಾರಿಗೆ. ಹನ್ನೊಂದು ವರ್ಷ ಪಕ್ಕದಲ್ಲೇ ಕೂತು ಈ ಒಂದನ್ನು ಕಲಿಯಲಿಲ್ಲವಲ್ಲ ಎಂದು ಬ್ರೆಕ್‌ಗೆ ರೇಗಿತು. ಅಜಾಗರೂಕತೆಯಿಂದ ಇನ್ನೊಬ್ಬರ ಪ್ರಾಣಕ್ಕೆ ಅಪಾಯ ತಂದ ಆರೋಪದ ಮೇಲೆ 4.10ಕ್ಕೆ ಲಾಯ್ಡ್‌ನ ಬಂಧನವಾಯಿತು. ಬಸ್ಸಿನ ಕೀಲಿಯನ್ನು ಅವನೇ ಮೊಳೆಗೆ ತೂಗುಹಾಕಿ ಬಂದ.

ಸಂಜೆ ನೋರೀನ್ ನಲವತ್ತು ಮನೆಗಳಿಗೂ ಫೋನು ಮಾಡಿ, ತೋಟಾಗಳ ಗೀರನ್ನು ಮುಚ್ಚಳದ ಬರಹದೊಡನೆ ತಾಳೆ ನೋಡಿಸಿದಳು. ಎಲ್ಲವೂ ಸರಿಯಿದ್ದವು. ಒಬ್ಬರೂ ಪೆಟ್ಟಿಗೆ ಹಿಂದಿರುಗಿಸಲಿಲ್ಲ.

ಶನಿವಾರ ಬೆಳಿಗ್ಗೆ 9.20ಕ್ಕೆ ಆಸ್ಪತ್ರೆಯಿಂದ ಸುದ್ದಿ ಬಂತು: ಗ್ಲೆನ್‌ನ ಕಣ್ಣು ಉಳಿಯಿತು, ನೋಟ ಮಾತ್ರ ಮೊದಲಿನಂತಿರುವುದಿಲ್ಲ. 10.05ಕ್ಕೆ ಐವರ್ ಠಾಣೆಗೆ ಬಂದರು. ಮೀಸೆಯಲ್ಲಿ ಹಿಮ, ಕೈಯಲ್ಲಿ ಮಡಿಚಿದ ಗುರಿಹಾಳೆ.

"ನನ್ನ ಪುಸ್ತಕ ಎರಡು ನಿಮಿಷ ಕೊಡು ಹಾರ್ಲನ್. ಇವತ್ತಿಂದು ಬರೀಬೇಕು."

"ಪುರಾವೆ ಅದು. ಬರೆಯೋ ಹಾಗಿಲ್ಲ. ಬೇಕಾದ್ರೆ ನನ್ನ ಮುಂದೆ ನೋಡಿ."

ಲಾಯ್ಡ್ ಕದ್ದು ನೋಡಿದ್ದ ಪುಟವನ್ನು ಐವರ್ ಮಗುಚಿದರು. ಅದರ ಬೆನ್ನಿಗೇ ಪೆನ್ಸಿಲಿನಲ್ಲಿ ಹೀಗಿತ್ತು: 'ಲಾಯ್ಡ್ ತುಂಬಿ ತಂದದ್ದು. ನನ್ನ ಕೋವಿಯಲ್ಲಿ. ಮೊದಲ ದಿನ: ಸರಿ. ಎರಡನೇ ದಿನ, ಚಳಿ: ಸರಿ, ಗುಂಡುಗಳು ನನ್ನದಕ್ಕಿಂತ ಒತ್ತಾಗಿ ಬಿದ್ದಿವೆ. ಮೂರನೇ ದಿನ: ಶನಿವಾರ, 20. ಸರಿಯಿದ್ದರೆ ಭಾನುವಾರ ಎಲ್ಲರ ಮುಂದೆ ಹೇಳಬೇಕು.'

ಬ್ರೆಕ್ ಎರಡು ಸಲ ಓದಿದ.

"ಇವತ್ತು ಹೊಡೆದ್ರಾ?"

"ಹೊಡೆದೆ." ಐವರ್ ಹಾಳೆ ಬಿಚ್ಚಿದರು. ಮೂರು ತೂತುಗಳು ಒಂದನ್ನೊಂದು ತಾಗಿಕೊಂಡಿದ್ದವು. "ಬರೆಯೋ ಹಾಗಿಲ್ಲ ಅಂದ್ಯಲ್ಲ. ಅವನಿಗೇ ಹೇಳ್ತೀನಿ, ಬಿಡು."

ಲಾಯ್ಡ್ ಲಾಕಪ್ಪಿನ ಬೆಂಚಿನಿಂದ ಎದ್ದು ನಿಂತ. ಬಯ್ಯಿಸಿಕೊಳ್ಳಲು ತಯಾರಾದವನಂತೆ ತಲೆ ತಗ್ಗಿಸಿದ್ದ. ಐವರ್ ಕಂಬಿಗಳ ನಡುವೆ ಹಾಳೆಯನ್ನು ತೂರಿಸಿದರು.

"ಆಗಸ್ಟಲ್ಲಿ ನೀನು ಇಟ್ಟುಹೋದ ತೋಟಾ ಇವು. ಮೂರು ದಿನಾನೂ ಹೊಡೆದೆ. ಚೆನ್ನಾಗಿದೆ ಕಣೋ."

ಲಾಯ್ಡ್ ಹಾಳೆ ನೋಡಿದ. "ಇದನ್ನ ಎಲ್ಲಿ ಬರೆದಿಟ್ಟಿದ್ರಿ?"

"ನೀನು ನೋಡಿದ ಹಾಳೇದೇ ಹಿಂದುಗಡೆ."

ಆಮೇಲೆ ಆ ಕೋಣೆಯಲ್ಲಿ ಕೇಳಿಸಿದ್ದು ಲಾಯ್ಡ್‌ನ ಅಳು ಮಾತ್ರ. ಐವರ್ ಹೋಗಲಿಲ್ಲ; ಕುರ್ಚಿ ಎಳೆದುಕೊಂಡು ಕಂಬಿಯ ಪಕ್ಕದಲ್ಲೇ ಕೂತರು. "ನಾನೂ ಮೊದಲೇ ಹೇಳ್ಬೋದಿತ್ತು," ಎಂದರು ಒಂದು ಸಲ.

ಬ್ರೆಕ್ ಬೀರು ತೆರೆದು ತನ್ನ ಪೆಟ್ಟಿಗೆಯನ್ನು ಹೊರತೆಗೆದು ಜೀಪಿಗೆ ಹಾಕಿದ. ಕೇಸ್ ಡೈರಿಯಲ್ಲಿ 10.40ರ ಕೆಳಗೆ ಬರೆದ: 'ಐವರ್ ತೋರ್‌ಸ್ಟಾಡ್ ಮೇಲಿನ ದೂರಿನಲ್ಲಿ ಹುರುಳಿಲ್ಲ. ಆರೋಪಿಯನ್ನು ನೋಡಲು ಅವರು ಬಂದಿದ್ದಾರೆ. ಸಮಯದ ಮಿತಿ ಹಾಕಿಲ್ಲ.'