ಕೊನೆಯ ಒಂದು ಪಂಪ್

"ವರ್ಣೀ, ಕ್ಯಾಬ್ ಬಂತು. ಲಿಫ್ಟ್ ಹಿಡ್ಕೊಂಡಿದೀನಿ, ಬೇಗ ಬಾ" ಎಂದು ಅಪ್ಪ ಹೊರಗಿನಿಂದ ಕೂಗಿದ.

ವರ್ಣಿಕಾ ಊಟದ ಟೇಬಲ್ ಮುಂದೆ ನಿಂತಿದ್ದಳು. ಟೇಬಲ್ ಮೇಲೆ ಒಂದು ಗಿಫ್ಟ್ ಬ್ಯಾಗ್. ಬ್ಯಾಗಿನೊಳಗೆ ತೆಳುವಾದ ಕಾಗದದ ನಡುವೆ ಕಂದು ಬಣ್ಣದ ಒಂದು ಬಾಟಲಿ. ಬಾಟಲಿಯ ಕಪ್ಪು ಪಂಪಿನ ಮೇಲೆ ವರ್ಣಿಕಾಳ ಬೆರಳು. ಅಮ್ಮ ಇನ್ನೂ ರೂಮಿನಲ್ಲಿ ಸೀರೆಗೆ ಪಿನ್ ಹುಡುಕುತ್ತಿದ್ದಳು.

ಪಂಪನ್ನು ತಿರುಗಿಸಿದರೆ ಅದು ಟಪ್ ಎಂದು ಮೇಲೇಳುತ್ತದೆ. ಹಾಗೆ ಓಪನ್ ಆದ ಬಾಟಲಿಯನ್ನು ಯಾರೂ ಯಾರಿಗೂ ಗಿಫ್ಟ್ ಕೊಡುವುದಿಲ್ಲ. ವರ್ಣಿಕಾಳಿಗೆ ಬೇಕಾಗಿದ್ದದ್ದೂ ಅಷ್ಟೇ.

ಟಪ್.

ಆಮೇಲೆ ಏನೂ ಆಗಿಲ್ಲವೆಂಬಂತೆ ಬ್ಯಾಗ್ ಎತ್ತಿಕೊಂಡು ಲಿಫ್ಟಿನ ಕಡೆಗೆ ಓಡಿದಳು.

ಹತ್ತು ವರ್ಷದ, ಲೈಬ್ರರಿ ಪುಸ್ತಕವನ್ನು ಒಂದು ದಿನವೂ ತಡಮಾಡದೆ ಹಿಂದಿರುಗಿಸುವ ಹುಡುಗಿ ಸುಮ್ಮಸುಮ್ಮನೆ ಇಂಥ ಕೆಲಸ ಮಾಡುತ್ತಾಳೆಯೇ? ಖಂಡಿತ ಇಲ್ಲ. ಅವಳಿಗೆ ಕಾರಣವಿತ್ತು.

ಆ ಬಾಟಲಿಯಲ್ಲಿ ಇದ್ದದ್ದು ಹ್ಯಾಂಡ್ ವಾಶ್. ಅದೂ ಅಂತಿಂಥದ್ದಲ್ಲ. ಕಿತ್ತಳೆ ಸಿಪ್ಪೆ ಸುಲಿದಾಗ ಬರುವ ಪರಿಮಳ, ಕೈಗೆ ಬೆಣ್ಣೆ ಸವರಿದಷ್ಟು ಮೃದು. ಮೂರು ವಾರದ ಹಿಂದೆ ಅಮ್ಮ, ತನ್ನ ಹುಟ್ಟುಹಬ್ಬದ ದಿನ, ಅದನ್ನು ತನಗೆಂದೇ ಕೊಂಡಿದ್ದಳು.

ಅಮ್ಮ ಅನುಸೂಯಾ ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ ಅಸಿಸ್ಟೆಂಟ್. ಒಬ್ಬ ಪೇಷೆಂಟ್ ಬಂದರೆ ಕೈ ತೊಳೆದು ಗ್ಲೌಸ್ ಹಾಕಬೇಕು. ಅವರು ಎದ್ದು ಹೋದರೆ ಗ್ಲೌಸ್ ಬಿಚ್ಚಿ ಮತ್ತೆ ಕೈ ತೊಳೆಯಬೇಕು. ಹೀಗೆ ದಿನಕ್ಕೆ ಐವತ್ತು ಸಲ. ಅವಳ ಬೆರಳ ಸಂದಿಗಳಲ್ಲಿ ಚರ್ಮ ಒಡೆದು ಕೆಂಪಾಗಿತ್ತು. ಮನೆಯಲ್ಲಿ ನಿಂಬೆಹಣ್ಣು ಹಿಂಡುವ ಕೆಲಸ ಯಾವಾಗಲೂ ವರ್ಣಿಕಾಳದ್ದೇ, ಯಾಕೆಂದರೆ ಅಮ್ಮನಿಗೆ ಉರಿಯುತ್ತಿತ್ತು.

ಬಾಟಲಿ ಕೊಂಡ ಅಂಗಡಿಯೊಳಗೇ ಒಂದು ಪುಟ್ಟ ಬೇಸಿನ್ ಇತ್ತು. ಬಂದವರು ಕೈ ತೊಳೆದು ನೋಡಬಹುದು. ಅಮ್ಮ ತೊಳೆದಳು, ಎರಡೂ ಅಂಗೈಗಳನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. "ಉರೀಲೇ ಇಲ್ಲ ಕಣೆ" ಎಂದಳು. ಆಮೇಲೆ ಬೆಲೆ ನೋಡಿ ಬಾಟಲಿಯನ್ನು ಮೆತ್ತಗೆ ಇದ್ದಲ್ಲೇ ಇಟ್ಟಳು. ಬಾಗಿಲ ತನಕ ಹೋದವಳು ಮತ್ತೆ ವಾಪಸು ಬಂದಳು.

"ಬರ್ತ್‌ಡೇ ದಿನ ನನಗೆ ಅಂತ ಏನಾದ್ರೂ ತಗೊಂಡ್ರೆ ತಪ್ಪಾ?"

"ತಪ್ಪೇನಿಲ್ಲ ಲಾ" ಎಂದಳು ವರ್ಣಿಕಾ, ಈ ದೇಶದವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ.

ಕೊಂಡದ್ದೇನೋ ಆಯಿತು. ಆದರೆ ಮನೆಗೆ ಬಂದ ಮೇಲೆ ಅಮ್ಮ ಅದನ್ನು ಕಪಾಟಿನಲ್ಲಿಟ್ಟು, "ಈಗಿರೋ ಸೋಪ್ ಮುಗೀಲಿ, ಆಮೇಲೆ ಓಪನ್ ಮಾಡೋಣ" ಎಂದಳು. ಈಗಿರುವ ಸೋಪು ಮುಗಿಯುವುದೆಂದರೆ ಸುಲಭವೇ? ತಳ ಕಂಡಾಗಲೆಲ್ಲ ಅಮ್ಮ ಅದಕ್ಕೆ ನೀರು ಹಾಕಿ ಕುಲುಕುತ್ತಿದ್ದಳು, ಮತ್ತೆ ನಾಲ್ಕು ದಿನ ಬರುತ್ತಿತ್ತು. ಕೊನೆಗೆ ವರ್ಣಿಕಾಳೇ ಅದನ್ನು ಮುಗಿಸಲು ಟೊಂಕ ಕಟ್ಟಿ ನಿಂತಳು. ದಿನಕ್ಕೆ ಹನ್ನೆರಡು ಸಲ ಕೈ ತೊಳೆದಳು. ವಾಟರ್ ಬಾಟಲ್ ತೊಳೆದಳು, ಪೆನ್ಸಿಲ್ ಬಾಕ್ಸ್ ತೊಳೆದಳು, ಸ್ಕೂಲ್ ಶೂಗಳನ್ನೂ ತೊಳೆದಳು. "ಏನ್ ನೀಟ್ ಆಗ್ಬಿಟ್ಟಿದಾಳೆ ನನ್ ಮಗಳು" ಎಂದು ಅಪ್ಪ ಬೀಗಿದ್ದೇ ಬೀಗಿದ್ದು. ನಿನ್ನೆ ಸಂಜೆಗೆ ಸೋಪು ಪೂರ್ತಿ ಮುಗಿಯಿತು.

ಇವತ್ತು ಬೆಳಿಗ್ಗೆ ನೋಡಿದರೆ ಎಲ್ಲ ಉಲ್ಟಾ. ಪಾಸಿರ್ ರಿಸ್ ಬಡಾವಣೆಯಲ್ಲಿ ಅಮ್ಮನ ಗೆಳತಿ ಅಕ್ಕು ಆಂಟಿಯ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಅವರಿಗೆಂದು ಆರ್ಡರ್ ಮಾಡಿದ್ದ ದೀಪ ಬರಲೇ ಇಲ್ಲ. "ಹತ್ತು ಗಂಟೆಗೆ ಅಂತಿತ್ತು, ಈಗ ನಾಳೆ ಅಂತ ತೋರಿಸ್ತಿದೆ" ಎಂದು ಅಪ್ಪ ಫೋನನ್ನು ಮೇಲೆ ಕೆಳಗೆ ಉಜ್ಜಿದ.

ಅಮ್ಮ ಕಪಾಟು ತೆಗೆದಳು. ಮೇಲಿನ ಅರೆಯಲ್ಲಿ ಅವರಿವರು ಕೊಟ್ಟ ಗಿಫ್ಟ್‌ಗಳು, ಇನ್ನೊಬ್ಬರಿಗೆ ಕೊಡಲೆಂದೇ ಕಾಯುತ್ತಿದ್ದವು. ಅಂಥ ಅರೆ ಇಲ್ಲದ ಮನೆ ಯಾವುದಿದೆ ಹೇಳಿ. ಆದರೆ ಇವತ್ತು ಅಲ್ಲಿ ಇದ್ದದ್ದು ಒಂದು ಗಾಜಿನ ಬೋಲ್ ಸೆಟ್ ಮಾತ್ರ. ಅದನ್ನು ಕೊಟ್ಟವರು ಅಕ್ಕು ಆಂಟಿಯೇ. ಅದನ್ನು ಅವರಿಗೇ ತಿರುಗಿ ಕೊಟ್ಟರೆ ಮಾನ ಉಳಿಯುತ್ತದೆಯೇ? ಅಮ್ಮನ ಕೈ ಕೆಳಗಿನ ಅರೆಗೆ ಹೋಗಿ ಕಂದು ಬಾಟಲಿಯನ್ನು ತೆಗೆಯಿತು.

"ಅಮ್ಮ, ಅದು ನಿನ್ದು."

"ಇರ್ಲಿ ಬಿಡೆ. ನನಗೆ ಯಾವ್ ಸೋಪಾದ್ರೂ ನಡೆಯುತ್ತೆ."

ಆ ಮಾತಿಗೆ ವರ್ಣಿಕಾಳಿಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಅದಕ್ಕೇ ಟಪ್.

ಕ್ಯಾಬಿನಲ್ಲಿ ಅವಳು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಲ್ಲಿಗೆ ಹೋದ ಮೇಲೆ ಬಾಟಲಿ ಓಪನ್ ಆಗಿರುವುದು ಅಮ್ಮನಿಗೆ ತಾನಾಗಿ ಗೊತ್ತಾಗುತ್ತದೆ, ಅಂಗಡಿಯವರನ್ನು ಬೈದುಕೊಂಡು ಮನೆಗೆ ತರುತ್ತಾಳೆ ಎಂಬುದು ಅವಳ ಲೆಕ್ಕಾಚಾರ. ಆದರೆ ಸಿಗ್ನಲ್ಲಿನಲ್ಲಿ ಡ್ರೈವರ್ ಅಂಕಲ್ ಬ್ರೇಕ್ ಹಾಕಿದರು, ವರ್ಣಿಕಾ ಬ್ಯಾಗನ್ನು ಗಟ್ಟಿಯಾಗಿ ತಬ್ಬಿಕೊಂಡಳು, ಒಳಗಿನಿಂದ ಪುಸಕ್ ಎಂದು ಸದ್ದಾಯಿತು. ಇಡೀ ಕಾರು ಕಿತ್ತಳೆ ಹಣ್ಣಿನ ಘಮಘಮ.

ಅಮ್ಮ ಬ್ಯಾಗಿನೊಳಗೆ ಬಗ್ಗಿ ನೋಡಿದಳು. ಕಾಗದವೆಲ್ಲ ಒದ್ದೆಯಾಗಿತ್ತು.

"ಪಂಪ್ ಯಾರು ಓಪನ್ ಮಾಡಿದ್ದು?"

"ನಾನೇ" ಎಂದಳು ವರ್ಣಿಕಾ.

ಅಮ್ಮ ಬೈಯಲಿಲ್ಲ. ಯಾಕೆಂದು ಕೇಳಲೂ ಇಲ್ಲ. ಕಿಟಕಿಯ ಕಡೆ ತಿರುಗಿ, "ಈಗ ಬರಿಗೈಲಿ ಹೋಗೋದಾ ರೀ?" ಎಂದಷ್ಟೇ ಅಪ್ಪನನ್ನು ಕೇಳಿದಳು. ಬೈದಿದ್ದರೇ ಚೆನ್ನಾಗಿತ್ತು ಎಂದು ವರ್ಣಿಕಾಳಿಗೆ ಅನ್ನಿಸಿತು.

ಅಪ್ಪ ಡ್ರೈವರ್ ಅಂಕಲ್‌ಗೆ ವಿಷಯ ಹೇಳಿದ. ಅಂಕಲ್ ನಕ್ಕರು. "ನ್ಯೂ ಹೌಸ್ ಆ? ಬ್ರಿಂಗ್ ಪೈನಾಪಲ್ ಲಾ. ವೆರಿ ಗುಡ್ ಲಕ್." ಪಾಸಿರ್ ರಿಸ್ ತಲುಪಿದ ಮೇಲೆ ಅಪ್ಪ ಬ್ಲಾಕಿನ ಕೆಳಗಿನ ಹಣ್ಣಿನಂಗಡಿಯಲ್ಲಿ ಒಂದು ದೊಡ್ಡ ಅನಾನಸ್ ಕೊಂಡ.

ಅಕ್ಕು ಆಂಟಿ ಬಾಗಿಲಲ್ಲೇ ನಿಂತಿದ್ದರು. ಅವರು ಉಡುಪಿ ಕಡೆಯವರು, ಮಾತೆಲ್ಲ ರಾಗ. ಅನಾನಸ್ ನೋಡಿ ಹಣೆ ಹಣೆ ಚಚ್ಚಿಕೊಂಡರು. "ನೀನೂ ಇದನ್ನೇ ತಂದೆಯಾ ಅನು? ಎಲ್ಲರಿಗೂ ಯಾರೋ ಇದನ್ನೇ ಹೇಳಿಕೊಟ್ಟಿದ್ದಾರೆ ಮಾರಾಯ್ತಿ. ಇನ್ನು ಒಂದು ತಿಂಗಳು ನಮಗೆ ಪೈನಾಪಲ್ ಗೊಜ್ಜೇ ಗತಿ." ಅಡುಗೆಮನೆಯ ಮೂಲೆಯಲ್ಲಿ ಆಗಲೇ ಆರು ಅನಾನಸ್‌ಗಳು ಸಾಲಾಗಿ ಕೂತಿದ್ದವು. ಅಮ್ಮ ನಕ್ಕಳು, ಆದರೆ ಅವಳ ಮುಖ ಸಣ್ಣಗಾಗಿತ್ತು. ಒದ್ದೆ ಬ್ಯಾಗನ್ನು ಅವಳು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಬಚ್ಚಿಟ್ಟಳು.

ಪೂಜೆ ಮುಗಿದಿತ್ತು. ಹಾಲ್‌ನಲ್ಲಿ ಚಾಪೆ ಹಾಸಿ ಮೊದಲ ಪಂಕ್ತಿಗೆ ಎಲೆ ಹಾಕಿದ್ದರು. ಊಟಕ್ಕೆ ಮೊದಲು ಕೈ ತೊಳೆಯಲು ಹೋದವರು ಒಬ್ಬೊಬ್ಬರಾಗಿ ಸಿಂಕಿನ ಮುಂದೆ ನಿಂತೇಬಿಟ್ಟರು.

"ಅಕ್ಕು, ಸೋಪ್ ಎಲ್ಲಿ?"

ಸೋಪು ಇರಲಿಲ್ಲ. ಅಂದರೆ, ಇತ್ತು. ಗೋಡೆಯುದ್ದಕ್ಕೂ ಪೇರಿಸಿದ್ದ ಮೂವತ್ತು ರಟ್ಟಿನ ಡಬ್ಬಗಳಲ್ಲಿ ಯಾವುದೋ ಒಂದರಲ್ಲಿ ಇತ್ತು. ಆಂಟಿಯ ಗಂಡ ಮೋನಪ್ಪ ಅಂಕಲ್ ಒಂದು ಡಬ್ಬ ಬಿಚ್ಚಿದರು, ಕುಕ್ಕರ್ ಬಂತು. ಇನ್ನೊಂದು ಬಿಚ್ಚಿದರು, ಅವರ ಮಗ ಅವಿನ್‌ನ ಹಳೇ ನೋಟ್‌ಬುಕ್ಕುಗಳು ಬಂದವು. ಅಕ್ಕು ಆಂಟಿಗೆ ಅಳುವೇ ಬರುವ ಹಾಗಾಯಿತು.

ಅಮ್ಮ ಸರಸರನೆ ಬಾಗಿಲಿಗೆ ಹೋದಳು. ಒದ್ದೆ ಕಾಗದ ಕಿತ್ತು, ಬಾಟಲಿ ಒರೆಸಿ, ಸಿಂಕಿನ ಪಕ್ಕ ಇಟ್ಟಳು. "ತಗೋ ಅಕ್ಕು. ನಿನಗೇ ಅಂತ ತಂದಿದ್ದು. ದಾರೀಲಿ ಸ್ವಲ್ಪ ಚೆಲ್ತು, ಬೇಜಾರ್ ಮಾಡ್ಕೋಬೇಡ."

"ಬೇಜಾರಾ? ದೇವರು ಬಂದ ಹಾಗೆ ಬಂದೆಯಲ್ಲ" ಎಂದರು ಆಂಟಿ.

ಹೋಯಿತು, ಇನ್ನು ಅದು ಮನೆಗೆ ಬಂದ ಹಾಗೆಯೇ ಎಂದುಕೊಂಡಳು ವರ್ಣಿಕಾ.

ಜನ ಕೈ ತೊಳೆದರು, ಕೈ ಮೂಸಿದರು. "ಏನ್ ಸ್ಮೆಲ್ ರೀ", "ಯಾರ್ ತಂದಿದ್ದು?" ಎಂದರು. ಊಟ ಮುಗಿದ ಮೇಲೆ ಎಲ್ಲರೂ ಮತ್ತೆ ಬಂದರು. ಮೊದಲ ಸಲ ಒಂದು ಪಂಪ್ ಒತ್ತಿದವರು ಈಗ ಮೂರು ಮೂರು ಒತ್ತಿದರು. ಬಾಟಲಿಯ ಸೋಪು ಅರ್ಧಕ್ಕೆ ಇಳಿಯಿತು. ಅಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡು ಸಾರಿನ ಬಕೆಟ್ ಹಿಡಿದು ಬಡಿಸುತ್ತಲೇ ಇದ್ದಳು. ಯಾರ ಮನೆಯ ಫಂಕ್ಷನ್ ಆದರೂ ಅಮ್ಮ ಕೂರುವುದು ಕೊನೆಯ ಪಂಕ್ತಿಗೇ.

ವರ್ಣಿಕಾ ಸಿಂಕಿನ ಪಕ್ಕ ಹೋಗಿ ಪೊಲೀಸಿನಂತೆ ನಿಂತಳು.

"ಒಂದು ಪಂಪ್ ಸಾಕು ಅಂಕಲ್, ತುಂಬಾ ನೊರೆ ಬರುತ್ತೆ."

"ಆಂಟಿ, ನಾನೇ ಹಾಕ್ಕೊಡ್ತೀನಿ."

ಅವಿನ್ ಓಡಿ ಬಂದು ಐದು ಸಲ ಒತ್ತಿ, ನೊರೆಯಿಂದ ಗಡ್ಡ ಮಾಡಿಕೊಂಡ. "ಅವಿನ್, ಡೋಂಟ್ ಪ್ಲೇ ಲಾ" ಎಂದು ಅವಳು ರೇಗಿದಳು. ಅವಿನ್ ಗಡ್ಡದ ಸಮೇತ ಓಡಿಹೋದ.

ಮೂರನೇ ಪಂಕ್ತಿ ಅರ್ಧ ಆಗಿತ್ತು. ಅಮ್ಮ ಈಗ ಉಪ್ಪಿನಕಾಯಿ ಬಡಿಸುತ್ತಿದ್ದಳು. ಯಾರೋ ಕೈ ಅಡ್ಡ ಹಿಡಿದಾಗ ಚಮಚ ವಾಲಿ ರಸ ಅವಳ ಬೆರಳ ಮೇಲೆ ಹರಿಯಿತು. ಅಮ್ಮ ಸ್ಸ್ ಎಂದು ಉಸಿರೆಳೆದುಕೊಂಡು, ಸೆರಗಿಗೆ ಒರೆಸಿ, ಮುಂದಿನ ಎಲೆಗೆ ಹೋದಳು. ಅದನ್ನು ಯಾರೂ ನೋಡಲಿಲ್ಲ, ವರ್ಣಿಕಾ ನೋಡಿದಳು.

ಬಾಟಲಿಯ ತಳದಲ್ಲಿ ಚೂರೇ ಚೂರು ಉಳಿದಿತ್ತು. ಎದುರಿಗೆ ಇನ್ನೊಬ್ಬ ಅಂಕಲ್ ಕೈ ಚಾಚಿ ನಿಂತಿದ್ದರು.

"ಸಾರಿ ಅಂಕಲ್, ಇದು ನಮ್ಮಮ್ಮಂಗೆ" ಎಂದು ವರ್ಣಿಕಾ ಬಾಟಲಿಯನ್ನು ವಾಲಿಸಿ ಒತ್ತಿದಳು. ಪಂಪ್ ಗೊರಗೊರ ಎಂದು ಗಾಳಿ ಬಿಟ್ಟಿತು, ಆಮೇಲೆ ಅವಳ ಎಡ ಅಂಗೈಗೆ ಒಂದಿಷ್ಟು ಸೋಪು ಬಿತ್ತು. ಮತ್ತೆ ಒತ್ತಿದರೆ ಬರೀ ಗಾಳಿ.

ಬೊಗಸೆ ಮುಚ್ಚಿಕೊಂಡು ಅವಳು ಹಾಲ್ ದಾಟತೊಡಗಿದಳು. ಒಬ್ಬ ಆಂಟಿ ಅಡ್ಡ ಬಂದು, "ನೀನು ಅನುಸೂಯಾ ಮಗಳಲ್ವಾ, ಎಷ್ಟು ಹೈಟ್ ಆಗಿದೀಯ" ಎಂದು ಕೈ ಹಿಡಿಯಲು ನೋಡಿದರು. ಅಪ್ಪ ಎಲೆಯ ಮುಂದೆ ಕೂತು, "ವರ್ಣಿ, ಒಂದು ಲೋಟ ನೀರು ಕೊಡು" ಎಂದ. "ಕೈ ಖಾಲಿ ಇಲ್ಲ ಅಪ್ಪ" ಎಂದು ಅವಳು ನಿಲ್ಲದೆ ನಡೆದಳು. ಅಂಗೈಯಲ್ಲಿದ್ದದ್ದು ಬೆರಳ ಸಂದಿಗೆ ಜಾರುತ್ತಿತ್ತು.

"ಅಮ್ಮ, ಬಾ."

"ಇರು, ಈ ಸಾಲು ಮುಗಿಸ್ಬಿಡ್ತೀನಿ."

"ಜಾರ್ತಿದೆ ಅಮ್ಮ. ಇದೇ ಲಾಸ್ಟ್."

ಅಮ್ಮ ಮಗಳ ಬೊಗಸೆಯೊಳಗೆ ನೋಡಿದಳು. ಉಪ್ಪಿನಕಾಯಿ ಬಟ್ಟಲನ್ನು ಪಕ್ಕದವರ ಕೈಗೆ ಕೊಟ್ಟು, ಅವಳ ಹಿಂದೆ ಬಂದಳು.

ಸಿಂಕಿನ ಮುಂದೆ ವರ್ಣಿಕಾ ತನ್ನ ಅಂಗೈಯನ್ನು ಅಮ್ಮನ ಅಂಗೈಗೆ ಒತ್ತಿ ಉಜ್ಜಿದಳು. ನಾಲ್ಕೂ ಕೈಗಳ ತುಂಬ ನೊರೆಯಾಯಿತು. ಅಮ್ಮನ ಕೈ ಎಷ್ಟು ಒರಟಾಗಿದೆ ಎಂದು ಅವಳಿಗೆ ಮುಟ್ಟಿದಾಗಲೇ ಗೊತ್ತಾದದ್ದು. ಹೆಬ್ಬೆರಳ ಬುಡದಲ್ಲಿ ಚರ್ಮ ಸೀಳಿದ್ದು ಬೆರಳಿಗೆ ಸಿಕ್ಕಿತು.

"ಉರೀತಿದೆಯಾ?"

"ಇಲ್ಲ." ಅಮ್ಮ ಖಾಲಿ ಬಾಟಲಿಯನ್ನು ನೋಡಿದಳು. "ಇದಕ್ಕೇನಾ ಬೆಳಿಗ್ಗೆ ಓಪನ್ ಮಾಡಿದ್ದು?"

ವರ್ಣಿಕಾ ತಲೆಯಾಡಿಸಿದಳು. ಅವಳ ಕಣ್ಣು ತುಂಬಿತು. "ನೀನು ಯಾವಾಗ್ಲೂ ಕೊಟ್ಬಿಡ್ತೀಯ."

"ಅಕ್ಕುಗೆ ಕೊಡೋಕೆ ನನಗೆ ಬೇಜಾರೇ ಇರ್ಲಿಲ್ಲ ಪುಟ್ಟಿ. ನೀನು ಹುಟ್ಟಿದಾಗ ಊರಿಂದ ಯಾರಿಗೂ ಬರೋಕಾಗ್ಲಿಲ್ಲ. ನನ್ನ ಬಾಣಂತನ ಮಾಡಿದ್ದು ಇವಳೇ. ನಲವತ್ತು ದಿನ ನಿನಗೆ ಎಣ್ಣೆ ಹಚ್ಚಿ ನೀರು ಹಾಕಿದಾಳೆ."

ಇದು ವರ್ಣಿಕಾಳಿಗೆ ಗೊತ್ತೇ ಇರಲಿಲ್ಲ. ಅವಳು ಅಕ್ಕು ಆಂಟಿಯ ಕಡೆ ತಿರುಗಿ ನೋಡಿದಳು. ಆಂಟಿ ಡಬ್ಬಗಳ ನಡುವೆ ನುಸುಳಿಕೊಂಡು ಇದೇ ಕಡೆಗೆ ಬರುತ್ತಿದ್ದರು. ವರ್ಣಿಕಾಳಿಗೆ ನಾಚಿಕೆಯಾಯಿತು. ಆದರೆ ಅಮ್ಮನ ಕೈಯನ್ನು ಬಿಡಲು ಮನಸ್ಸಾಗಲಿಲ್ಲ.

"ಅನು, ಪಾಯಸ ಒಂದು ರೌಂಡ್ ಬಡಿಸ್ತೀಯಾ?" ಎಂದರು ಆಂಟಿ.

ಅಮ್ಮ ನಲ್ಲಿ ನಿಲ್ಲಿಸಿದಳು. ಇನ್ನೇನು 'ಬಂದೆ' ಎನ್ನುತ್ತಾಳೆ ಎಂದು ವರ್ಣಿಕಾಳಿಗೆ ಗೊತ್ತಿತ್ತು.

"ಐದು ನಿಮಿಷ ಅಕ್ಕು" ಎಂದಳು ಅಮ್ಮ. "ಈಗಷ್ಟೇ ಕೈ ತೊಳ್ಕೊಂಡೆ. ಸ್ವಲ್ಪ ಕೂತ್ಕೋತೀನಿ."

"ಕೂತ್ಕೊ ಮಾರಾಯ್ತಿ, ಆಗಲೇ ನಾನೇ ಹೇಳಬೇಕಿತ್ತು" ಎಂದು ಆಂಟಿ ಮೋನಪ್ಪ ಅಂಕಲ್‌ನನ್ನು ಕರೆದರು. ಅಂಕಲ್ ಪಂಚೆ ಎತ್ತಿ ಕಟ್ಟಿಕೊಂಡು ಪಾಯಸದ ಪಾತ್ರೆ ಹಿಡಿದರು. ಪಾಯಸ ಎಲ್ಲರ ಎಲೆಗೂ ಬಿತ್ತು. ಯಾರಿಗೂ ಏನೂ ಕಡಿಮೆಯಾಗಲಿಲ್ಲ.

ಅಮ್ಮ ಬಿಚ್ಚದ ಒಂದು ಡಬ್ಬದ ಮೇಲೆ ಕೂತಳು. ವರ್ಣಿಕಾ ಪಕ್ಕದಲ್ಲಿ ಒತ್ತಿಕೊಂಡು ಕೂತಳು. ಅಮ್ಮ ಒಂದು ಅಂಗೈಯನ್ನು ತಾನು ಮೂಸಿದಳು, ಇನ್ನೊಂದನ್ನು ಮಗಳ ಮೂಗಿನ ಮುಂದೆ ಹಿಡಿದಳು.

ಇನ್ನೊಂದು ಬಾಟಲಿ ಕೊಳ್ಳೋಣವೇ ಎಂದು ಕೇಳಬೇಕೆಂದಿದ್ದ ವರ್ಣಿಕಾ ಕೇಳಲಿಲ್ಲ. ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಳು. ಐದು ನಿಮಿಷ ಇನ್ನೂ ಮುಗಿದಿರಲಿಲ್ಲ.