ಮೌನಿಯ ಮೌಖಿಕ ಪರೀಕ್ಷೆ

"ಮುಟ್ಟಬೇಡ!"

ಕೂಗಿನ ಹಿಂದೆಯೇ ಅವನ ಕೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಅವಳು ನಿಂತಿದ್ದ ಸ್ಟೂಲ್ ಅಲುಗಿತು. ಅವಳ ಎದೆಯೂ...

"ಸ್ವಿಚ್ ಆಫ್ ಇದೆಯಲ್ಲ! ಕೈ ಬಿಡು."

ಅವನು ಟೆಸ್ಟರನ್ನು ಬಲ್ಬಿನ ಹೋಲ್ಡರಿಗೆ ತಾಗಿಸಿದ. ಟೆಸ್ಟರು ಕೆಂಪಗೆ ಹೊತ್ತಿಕೊಂಡಿತು. ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಕರೆಂಟು! ಕರೆಂಟು ತರುವ ಫೇಸ್ ತಂತಿಗೆ ಹಾಕಬೇಕಾದ ಸ್ವಿಚ್ಚನ್ನು ಅವಳು ನ್ಯೂಟ್ರಲ್ ತಂತಿಗೆ ಹಾಕಿಬಿಟ್ಟಿದ್ದಳು.

"ಲೈಸೆನ್ಸ್ ಇರೋಳು ನೀನು! ಮನಸ್ಸು ಎಲ್ಲಿಟ್ಟಿದ್ದೆ?"

ಎಲ್ಲಿ ಎಂದು ಹೇಳಲಿ? ಎದುರಿನ ಔಷಧಿ ಅಂಗಡಿಯಲ್ಲಿ ಎಂದೇ?

ಅವಳು ವೈರಿಂಗ್ ಮೇಸ್ತ್ರಿಯ ಮಗಳು. ಅವನು ಮೇಸ್ತ್ರಿಯ ಕೆಲಸಗಾರ. ಇಬ್ಬರೂ ಒಟ್ಟಿಗೆ ಕೆಲಸ ಕಲಿತವರು. ಅವಳಿಗೆ ಮೊದಲ ಸಲಕ್ಕೇ ಎಲೆಕ್ಟ್ರಿಷಿಯನ್ ಲೈಸೆನ್ಸ್ ಸಿಕ್ಕಿತು. ಅವನು ಬರವಣಿಗೆಯಲ್ಲಿ ಪಾಸು, ಮೌಖಿಕದಲ್ಲಿ ಎರಡು ಸಲ ಫೇಲು. ಪರೀಕ್ಷಕರನ್ನು ಕಂಡರೆ ಬಾಯಿಗೆ ಬೀಗ! ಅಪ್ಪ ಅವನನ್ನು ಕರೆಯುವುದೇ 'ಮೌನಿ' ಎಂದು.

"ಮೌನಿ, ಈ ಸಲವೂ ಆಗ್ಲಿಲ್ಲ ಅಂದ್ರೆ ಬೇರೆ ಊರು ನೋಡ್ಕೊಳ್ಳಪ್ಪ. ಲೈಸೆನ್ಸ್ ಇಲ್ದೋರನ್ನ ಇನ್ನು ಇಟ್ಕೊಳ್ಳೋ ಹಾಗಿಲ್ಲ," ಎಂದು ಅಪ್ಪ ಹೇಳಿಯೂ ಆಗಿತ್ತು.

ಹೋಗಿಯೇಬಿಡುತ್ತಾನಾ?... ಅವನಿಗೋ ಚಿಂತೆಯೇ ಇಲ್ಲ! ನಾಳೆ ಪರೀಕ್ಷೆ ಎನ್ನುವಾಗಲೂ ಸಂಜೆಯಾದರೆ ಸಾಕು, ಕೈ ತೊಳೆದು, ತಲೆ ಬಾಚಿ, ಔಷಧಿ ಅಂಗಡಿಗೆ ಸವಾರಿ. ಅಲ್ಲಿ ಆ ಉದ್ದ ಜಡೆಯವಳು ಕೌಂಟರಿಗೆ ಮೊಣಕೈ ಊರಿ ನಗುವುದು, ಇವನು ಕೈ ಆಡಿಸಿ ಆಡಿಸಿ ಮಾತಾಡುವುದು...

ನನ್ನೆದುರು ಬೈಗುಳ ಬಿಟ್ಟರೆ ಮಾತಿಗೇ ಬರಗಾಲ. ಅಲ್ಲಿ ಮಾತ್ರ ಅರಳು ಹುರಿದ ಹಾಗೆ!

'ದೇವರೇ, ಆ ಅಂಗಡಿಗೆ ಬೀಗ ಬೀಳಲಿ,' ಎಂದು ಬೇಡಿದ್ದಳು. ಮರುಗಳಿಗೆ ನಾಲಿಗೆ ಕಚ್ಚಿಕೊಂಡಿದ್ದಳು. 'ತಪ್ಪಾಯ್ತು ತಂದೆ. ರೋಗಿಗಳಿಗೆಲ್ಲ ಅಂಗಡಿ ತೆರೆದಿರಲಿ. ಅವನೊಬ್ಬನಿಗೆ ಮುಚ್ಚಿರಲಿ.'

ಆ ಸಂಜೆ ತಡೆಯಲಾಗಲಿಲ್ಲ. ತಲೆನೋವಿನ ನೆಪ ಹೊತ್ತು ತಾನೂ ಅಂಗಡಿಗೆ ಹೋದಳು. ಔಷಧಿ ಕಪಾಟಿನ ಹಿಂದಿನಿಂದ ಅವನ ದನಿ...

"ಮೊದಲು ಮೇನ್ ಆಫ್ ಮಾಡ್ತೀನಿ ಮೇಡಂ. ಫ್ಯೂಸ್ ಕಿತ್ತು ನನ್ನ ಜೇಬಲ್ಲೇ ಇಟ್ಕೋತೀನಿ. ಆಮೇಲೆ ಟೆಸ್ಟ್ ಮಾಡಿ ನೋಡ್ತೀನಿ..."

ಪದ್ಯ ಒಪ್ಪಿಸಿದ ಹಾಗೆ, ಒಂದು ಪದವೂ ಜಾರದೆ!

ಜಡೆಯವಳು ಅವನ ವೈರಿಂಗ್ ಪುಸ್ತಕದಿಂದ ತಲೆಯೆತ್ತಿದಳು. "ಬಂದ್ಯಾ ತಾಯಿ! ಸದ್ಯ, ಪ್ರಶ್ನೆ ನೀನೇ ಕೇಳು. ಈ ಅರ್ಥಿಂಗ್ ಅನ್ನೋದು ಮಾತ್ರೆಯೋ ಟಾನಿಕ್ಕೋ ನನಗಂತೂ ಇನ್ನೂ ಗೊತ್ತಾಗಿಲ್ಲ."

ಪುಸ್ತಕವನ್ನು ಇವಳ ಕೈಗಿಟ್ಟು ಗಿರಾಕಿಯ ಕಡೆ ನಡೆದಳು.

ಹೊಟ್ಟೆಯ ಉರಿ ತಣಿಯಲಿಲ್ಲ. ಇನ್ನೂ ಏರಿತು!

"ಲೈಸೆನ್ಸ್ ಇರೋಳು ನಾನು ಮನೇಲೇ ಇದ್ದೆ. ನನ್ನ ಹತ್ರ ಯಾಕೆ ಬರ್ಲಿಲ್ಲ?"

ಅವನು ಕಪಾಟಿನ ಡಬ್ಬಿಯೊಂದನ್ನು ಸುಮ್ಮಸುಮ್ಮನೆ ನೇರ ಮಾಡಿದ.

"ಹೇಳು! ಅವಳು ನಕ್ಕರೆ ಮಾತು ಬರುತ್ತೆ, ನನ್ನ ಕಂಡ್ರೆ ಬಾಯಿ ಹೊಲ್ಕೋತೀಯ!"

"ಅವರು ನಗ್ಲಿ, ಅಳ್ಲಿ, ನನಗೇನು..." ಅವನು ನೆಲ ನೋಡಿದ. "ಪರೀಕ್ಷಕರು ಫೇಲ್ ಮಾಡಿದ್ರೆ ಇನ್ನೊಂದು ಸಲ ಕೂರಬಹುದು. ನೀನು ಫೇಲ್ ಮಾಡಿದ್ರೆ... ಮರುಪರೀಕ್ಷೆ ಎಲ್ಲಿದೆ?"

ಅಯ್ಯೋ, ಹೆದರಿದ್ದು ನನಗಾ!

ತಟ್ಟನೆ ಗೋಡೆಗೆ ಮುಖ ಮಾಡಿ ನಿಂತಳು.

"ಈಗ ನನ್ನ ಮುಖ ಕಾಣಲ್ಲ. ಹೇಳು. ಅರ್ಥಿಂಗ್ ಯಾಕೆ ಬೇಕು?"

ಮೊದಲು ತಡವರಿಸಿದ. ಆಮೇಲೆ ಹೇಳಿದ. ಕೊನೆಯ ಪುಟದವರೆಗೂ ಹೇಳಿದ. ಅದಾದ ಮೇಲೆ, ಪುಸ್ತಕದಲ್ಲಿ ಇಲ್ಲದ್ದನ್ನೂ...

"ನೀನಿಲ್ದೇ ಇರೋ ಊರಲ್ಲಿ ನಾನು ಯಾರ ಮನೆ ದೀಪ ಹಚ್ಲಿ?"

ಗೋಡೆಯ ಕಡೆಗೇ ನಿಂತು ಅವಳು ಕಣ್ಣೊರೆಸಿಕೊಂಡಳು.

ಮರುದಿನ ಪರೀಕ್ಷಾ ಕಚೇರಿಯ ಗೇಟಿನಲ್ಲಿ ಅವನಿಗಿಂತ ಹೆಚ್ಚು ಬೆವರಿದವಳು ಅವಳು. ಅವನು ಹೊರಗೆ ಬಂದ. ನಡೆದು ಬರಲಿಲ್ಲ, ಓಡಿ ಬಂದ!

"ಪಾಸಾ?!"

"ಪಾಸು!"

"ಅದ್ಹೇಗೆ ಬಾಯಿ ಬಂತು? ಯಾರನ್ನ ನೆನೆಸ್ಕೊಂಡೆ?" ಕೇಳುವಾಗಲೇ ಅವಳ ಕೆನ್ನೆ ರಂಗೇರಿತ್ತು.

"ಔಷಧಿ ಅಂಗಡಿ ಮೇಡಂನ."

ಕೆನ್ನೆಯ ಕೆಂಪು ಮೂಗಿಗೆ ಹಾರಿತು. "ಏನಂದೆ?!"

"ನಿನ್ನ ನೆನೆಸ್ಕೊಂಡಿದ್ರೆ ಮೂರನೇ ಸಲವೂ ಫೇಲ್ ಆಗ್ತಿದ್ದೆ ಕಣೇ!"

ಉರಿಯೂ ಇತ್ತು, ನಗುವೂ ಬಂತು. ಸುಮ್ಮನೆ ಬಿಟ್ಟಾಳೆಯೇ?

"ಆಗ್ಲಿ. ಇವತ್ತು ಅಪ್ಪನ ಹತ್ರ ನಮ್ಮಿಬ್ಬರ ಮಾತು ಎತ್ತಬೇಕಲ್ಲ, ಆಗ ಯಾರನ್ನ ನೆನೆಸ್ಕೋತೀಯೋ ನೋಡ್ತೀನಿ."

"ಅಲ್ಲಿ ದೇವರೇ ಗತಿ." ಅವನ ದನಿ ಮೆತ್ತಗಾಯಿತು. "ನೀನು ಪಕ್ಕದಲ್ಲಿ ನಿಂತಿರ್ತೀಯಲ್ಲ?"

"ನಿಂತಿರ್ತೀನಿ... ಬೇರೆ ಯಾರಿಗೂ ಆ ಜಾಗ ಬಿಡಲ್ಲ."